ಗಣಿಯೂರಿನ ನೆನಪು: ಪಡಿಯೂರಿನಿಂದ ಕೋಲಾರದ ಚಿನ್ನದ ಗಣಿಯವರೆಗೆ

ತಿರುಪ್ಪೂರಿನಿಂದ ಕಾಂಗೇಯಕ್ಕೆ ಹೋಗುವ ರಸ್ತೆಯಲ್ಲಿ ಪಡಿಯೂರೆಂಬ ಹಳ್ಳಿಯೊಂದಿದೆ. ಮೇಲ್ನೋಟಕ್ಕೆ ಅದರಲ್ಲಿ ವಿಶೇಷವೇನೂ ಕಾಣದು. ಒಣಭೂಮಿ, ಮುಳ್ಳುಬೇಲಿ, ಬೇಲಿಯೊಳಗೆ ಮೇಯುವ ಕಾಂಗೇಯದ ತಳಿಯ ದನಗಳು. ಕೊಂಗುನಾಡಿನ ಈ ಭಾಗದ ಹಳ್ಳಿಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ಇರುತ್ತವೆ. ಆದರೆ ಈ ನೆಲದ ಅಡಿಯಲ್ಲಿ ದೊರೆಯುತ್ತಿದ್ದ ಕಡಲ ನೀರಿನ ಬಣ್ಣದ ಹರಳುಗಳು ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಾಪುರಿಯ ಶ್ರೀಮಂತರ ಬೆರಳುಗಳನ್ನು ಅಲಂಕರಿಸಿದ್ದುವೆಂದು ಚರಿತ್ರೆಕಾರರು ಅಭಿಪ್ರಾಯಪಡುತ್ತಾರೆ.

ಕೆಲವು ವರ್ಷಗಳ ಕೆಳಗೆ ನಮ್ಮ ಪ್ರೌಢಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವರಲ್ಲಿ ಹಲವರು ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ದೇವಾಂಗ ಕುಟುಂಬಗಳ ಮಕ್ಕಳು. “ಗಣಿ ಎಲ್ಲಿ ಸಾರ್?” ಎಂದು ಒಬ್ಬ ಹುಡುಗ ಕೇಳಿದ. ಬೆರಳು ಮಾಡಿ ತೋರಿಸಲು ನನ್ನಲ್ಲಿ ಏನೂ ಇರಲಿಲ್ಲ. ಅವನು ಸುಮ್ಮನಾಗದೆ, “ಅಲ್ಲಿ ಅಗೆದವರು ಯಾರು ಸಾರ್?” ಎಂದು ಮತ್ತೊಂದು ಪ್ರಶ್ನೆ ಹಾಕಿದ. ಅದಕ್ಕೂ ನಾನು ಉತ್ತರ ಕೊಡಲಾರದೆ ಹೋದೆ. ಗಣಿ ಕೆಲಸಗಾರನ ಮಗನಾದ ನನಗೆ ಆ ಎರಡನೆಯ ಪ್ರಶ್ನೆ ಬಹುಕಾಲ ಮನಸ್ಸನ್ನು ಬಿಡಲಿಲ್ಲ. ಈ ಲೇಖನ ಹುಟ್ಟಿದ್ದು ಅದರಿಂದಲೇ.

ಮೊದಲು ಪಡಿಯೂರಿನ ಮಾತನ್ನು ಮುಗಿಸಿಕೊಳ್ಳೋಣ. ಇಲ್ಲಿ ದೊರೆಯುತ್ತಿದ್ದ ಹರಳನ್ನು ಇಂಗ್ಲಿಷಿನಲ್ಲಿ ಬೆರಿಲ್ ಎನ್ನುತ್ತಾರೆ. ಆ ಹೆಸರು ಗ್ರೀಕರ ಮೂಲಕ ಪಶ್ಚಿಮಕ್ಕೆ ಹೋದ ನಮ್ಮ ದೇಶದ ಮಾತೇ. ಪ್ರಾಕೃತದ ‘ವೇಳುರಿಯ’, ಸಂಸ್ಕೃತದ ‘ವೈಡೂರ್ಯ’ ಇವುಗಳಿಗೆ ಅದು ಸಂಬಂಧಿಸಿದ್ದೆಂದು ಭಾಷಾಪಂಡಿತರು ಹೇಳುತ್ತಾರೆ. ಕ್ರಿಸ್ತಶಕ ಒಂದನೆಯ ಶತಮಾನದ ಪ್ಲಿನಿ ಈ ಹರಳು ಮುಖ್ಯವಾಗಿ ಇಂಡಿಯಾದಲ್ಲಿ ದೊರೆಯುತ್ತದೆಂದೂ ಬೇರೆಡೆ ಅಪರೂಪವೆಂದೂ ಬರೆದಿದ್ದಾನೆ. ಎರಡನೆಯ ಶತಮಾನದ ಟಾಲೆಮಿಯು ‘ಪುನ್ನಾಟ’ವೆಂಬ ಸ್ಥಳವನ್ನು ಹೆಸರಿಸಿ ಅಲ್ಲಿ ಬೆರಿಲ್ ಇದೆ ಎಂದಿದ್ದಾನೆ. ಕಪಿಲೆಯ ದಡದ ಕಿತ್ತೂರನ್ನು, ಎಂದರೆ ಶಾಸನಗಳ ಕೀರ್ತಿಪುರವನ್ನು, ರಾಜಧಾನಿಯಾಗಿ ಉಳ್ಳ ಪುನ್ನಾಟ ರಾಜ್ಯ ಕನ್ನಡ ಓದುಗರಿಗೆ ಅಪರಿಚಿತವಲ್ಲ. ಗಂಗರ ದುರ್ವಿನೀತನ ತಾಯಿ ಆ ಮನೆತನದ ರಾಜಪುತ್ರಿ. ಗಣಿ ಇದ್ದುದು ಈಗಿನ ಕಾಂಗೇಯದ ಸೀಮೆಯಲ್ಲಿ, ಹೆಸರು ಪುನ್ನಾಟದ್ದು ಎಂಬುದನ್ನು ನೋಡಿದರೆ ಕನ್ನಡ, ತಮಿಳು ಸೀಮೆಗಳ ಇಂದಿನ ಗಡಿರೇಖೆ ಆ ಕಾಲದ ವ್ಯಾಪಾರಕ್ಕೆ ಲೆಕ್ಕವಿರಲಿಲ್ಲವೆಂದು ತೋರುತ್ತದೆ. ಬಹಳ ಹಿಂದಕ್ಕೇಕೆ, ಕೊಳ್ಳೇಗಾಲವು 1956ರ ನವೆಂಬರ್ 1ರವರೆಗೂ ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕಾಗಿದ್ದಿತು.

ಪಡಿಯೂರಿನ ಗಣಿ ಮತ್ತೆ ಕಾಗದದಲ್ಲಿ ಕಾಣಿಸಿಕೊಳ್ಳುವುದು ಕಂಪೆನಿ ಸರಕಾರದ ಕಾಲದಲ್ಲಿ. 1819-20ರಲ್ಲಿ ಇಲ್ಲಿಂದ 2,196 ಹರಳುಗಳು ದೊರೆತುವೆಂದೂ ಅವುಗಳ ಬೆಲೆ 1,201 ಪೌಂಡುಗಳೆಂದೂ ದಾಖಲೆಯಾಗಿದೆ. ಹರಳು ಎಷ್ಟು, ಬೆಲೆ ಎಷ್ಟು ಎಂಬುದನ್ನು ಒಂದಂಕಿ ತಪ್ಪದಂತೆ ಬರೆದಿಟ್ಟರು. ಗುಂಡಿಗೆ ಇಳಿದವರು ಯಾವ ಊರಿನವರು, ದಿನಗೂಲಿ ಏನು, ಯಾರ ಕೈಕಾಲು ಮುರಿಯಿತು ಎಂಬುದು ಆ ಲೆಕ್ಕದಲ್ಲಿ ಸೇರಲಿಲ್ಲ.

ಈಗ ನನ್ನ ಊರಿಗೆ ಬರುತ್ತೇನೆ. ನಾನು 1969ರಲ್ಲಿ ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಕೆಲಸಗಾರರ ‘ಲೈನು’ ಮನೆಯೊಂದರಲ್ಲಿ. ನಮ್ಮ ಹಿರಿಯರು ಮುಳಬಾಗಿಲ ಕಡೆಯ ರೈತರು. ಮಳೆ ಕೈಕೊಟ್ಟ ವರ್ಷವೊಂದರಲ್ಲಿ ಅಜ್ಜ ಗಣಿಗೆ ಬಂದು ಸೇರಿದರಂತೆ. ಬಳಿಕ ನಮ್ಮ ತಂದೆಯವರು. ಸುರಂಗದ ಮೇಲ್ಛಾವಣಿ ಕುಸಿಯದಂತೆ ಮರದ ದಿಮ್ಮಿಗಳನ್ನು ಆನಿಸಿ ನಿಲ್ಲಿಸುವುದು ಅವರ ಕೆಲಸ. ‘ಟಿಂಬರ್‌ಮನ್’ ಎಂಬುದು ಅವರ ಹುದ್ದೆ. ಮನೆಯಲ್ಲಿ ಅದನ್ನು ‘ಮರದ ಕೆಲಸ’ ಎನ್ನುತ್ತಿದ್ದೆವು. ನಾನು ಬಹುಕಾಲ ಅಪ್ಪ ಬಡಗಿಯೆಂದೇ ತಿಳಿದಿದ್ದೆ.

ನಮ್ಮ ಊರಿನ ಗಡಿಯಾರವೆಂದರೆ ಗಣಿಯ ಕೂಗು. ಅದನ್ನು ತಮಿಳರು ‘ಸಂಗು’ ಎನ್ನುತ್ತಿದ್ದರು. ನಾವೂ ಹಾಗೆಯೇ ಎಂದೆವು. ಮೂರು ಪಾಳಿಗಳಿಗೆ ಮೂರು ಹೊತ್ತು ಸಂಗು ಕೂಗುತ್ತಿತ್ತು. ಒಲೆ ಹಚ್ಚುವುದು, ಮಕ್ಕಳನ್ನು ಎಬ್ಬಿಸುವುದು, ನಲ್ಲಿಯ ಬಳಿ ಕೊಡ ಇಡುವುದು ಎಲ್ಲವೂ ಅದರ ಮೇಲೆ. ಕುಡಿಯುವ ನೀರು ಬೇತಮಂಗಲದ ಕೆರೆಯಿಂದ ಕೊಳವೆಯಲ್ಲಿ ಬರುತ್ತಿತ್ತು. ಪಾಳಿ ಬಿಟ್ಟ ಗಂಡಸರು ಬೂದುಬಣ್ಣದ ಮುಖಗಳಲ್ಲಿ ಸಾಲಾಗಿ ಬರುವಾಗ ಅಪ್ಪ ಯಾರೆಂದು ಗುರುತಿಸುವುದು ನಮಗೆ ಒಂದು ಆಟ. ನಡಿಗೆಯಿಂದ ಗುರುತು ಹಿಡಿಯುತ್ತಿದ್ದೆವು.

ಮನೆಯಲ್ಲಿ ಕನ್ನಡ, ಅದಕ್ಕೆ ತುಸು ತೆಲುಗಿನ ಬೆರಕೆ. ಹೊಸಿಲು ದಾಟಿದರೆ ತಮಿಳು. ಎಡಮನೆಯ ಉತ್ತರ ಆರ್ಕಾಡಿನ ಹೆಂಗಸು ನನಗೆ ಪೆರಿಯಮ್ಮ; ಎದುರು ಮನೆಯ ಚಿತ್ತೂರಿನವರು ಅತ್ತ. ಪೆರಿಯಮ್ಮನ ಮನೆಯಲ್ಲಿ ಕಲಿತ ಆ ತಮಿಳೇ ಮುಂದೆ 1994ರಲ್ಲಿ ನನ್ನನ್ನು ಈ ಕೊಂಗುನಾಡಿಗೆ ಉಪಾಧ್ಯಾಯನಾಗಿ ಕರೆತಂದಿತು. ಭಾಷೆ ಯಾರ ಸೊತ್ತು ಎಂಬ ಜಗಳವನ್ನು ದೊಡ್ಡವನಾದ ಮೇಲೆ ಬೇರೆ ಊರುಗಳಲ್ಲಿ ಕಂಡೆನೇ ಹೊರತು ನಮ್ಮ ಲೈನಿನ ನಲ್ಲಿಯ ಬಳಿ ಕಾಣಲಿಲ್ಲ. ಅಲ್ಲಿ ನಡೆಯುತ್ತಿದ್ದುದು ನೀರಿನ ಜಗಳ ಮಾತ್ರ. ಅದು ಎಲ್ಲ ಭಾಷೆಗಳಲ್ಲಿಯೂ ಸಮನಾಗಿ ನಡೆಯುತ್ತಿತ್ತು.

ಊರಿನ ನಡುವೆ ದೊಡ್ಡ ಬಿಳಿದಿಬ್ಬಗಳಿದ್ದುವು. ಅದಿರನ್ನು ಪುಡಿಮಾಡಿ, ಸೈನೈಡ್ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಮಣ್ಣು ಅದು. ಹುಡುಗರಿಗೆ ಅದು ಜಾರುಬಂಡೆ. ಗಾಳಿಗಾಲದಲ್ಲಿ ಆ ಪುಡಿ ಅಡುಗೆಮನೆಯ ಅನ್ನದ ಮೇಲೂ ಕೂರುತ್ತಿತ್ತು. ಅದರಾಚೆ ದೊರೆಗಳ ಕಾಲದ ಬಂಗಲೆಗಳು, ಕ್ಲಬ್ಬು, ಗಾಲ್ಫ್ ಮೈದಾನ. ‘ಪುಟ್ಟ ಇಂಗ್ಲೆಂಡ್’ ಎಂದು ನಮ್ಮ ಊರಿಗೆ ಹೆಸರಿದ್ದುದು ಆ ಭಾಗದಿಂದ. ಅಷ್ಟು ಚಿನ್ನ ತೆಗೆದ ಊರಿನಲ್ಲಿ ನಾನು ಬಾಲ್ಯದಲ್ಲಿ ಕಣ್ಣಾರೆ ಕಂಡ ಚಿನ್ನವೆಂದರೆ ಅಮ್ಮನ ತಾಳಿಯ ಬೊಟ್ಟೊಂದೇ.

ಒಮ್ಮೊಮ್ಮೆ ರಾತ್ರಿಯಲ್ಲಿ ನೆಲ ನಡುಗುತ್ತಿತ್ತು. ಆಳದಲ್ಲಿ ಒತ್ತಡ ತಾಳಲಾರದ ಬಂಡೆ ಒಮ್ಮೆಗೇ ಸಿಡಿಯುವುದರಿಂದ ಹಾಗಾಗುತ್ತದೆ. ಅಟ್ಟದ ಪಾತ್ರೆಗಳು ಕಣಕಣಿಸಿದೊಡನೆ ಲೈನಿನ ಬಾಗಿಲುಗಳೆಲ್ಲ ತೆರೆಯುತ್ತಿದ್ದುವು. ಯಾರೂ ಅಳುತ್ತಿರಲಿಲ್ಲ, ಮಾತನ್ನೂ ಆಡುತ್ತಿರಲಿಲ್ಲ. ಆ ಪಾಳಿಯಲ್ಲಿ ಗಂಡಸರು ಇಳಿದಿದ್ದ ಮನೆಗಳ ಹೆಂಗಸರು ಸೆರಗು ಹೊದ್ದು ಶಾಫ್ಟಿನ ಕಡೆಗೆ ನಡೆಯುತ್ತಿದ್ದರು. ಉಳಿದವರು ಅವರ ಮಕ್ಕಳನ್ನು ತಮ್ಮ ಮನೆಗೆ ಕರೆದುಕೊಳ್ಳುತ್ತಿದ್ದರು. ದೂರದಲ್ಲಿ ಶಾಫ್ಟಿನ ಮೇಲಿನ ದೊಡ್ಡ ಗಾಲಿಗಳು ತಿರುಗುತ್ತಿವೆಯೇ ಎಂದು ನಾವು ಹುಡುಗರು ನೋಡುತ್ತಿದ್ದೆವು. ಗಾಲಿ ತಿರುಗುತ್ತಿದ್ದರೆ ಮನುಷ್ಯರು ಮೇಲಕ್ಕೆ ಬರುತ್ತಿದ್ದಾರೆಂದು ಅರ್ಥ.

ನೆನಪು ಇಷ್ಟು. ಆದರೆ ನೆನಪೇ ಚರಿತ್ರೆಯಲ್ಲ ಎಂಬುದನ್ನು ಉಪಾಧ್ಯಾಯರಾದ ನಾವು ಮರೆಯತಕ್ಕದ್ದಲ್ಲ. ನೆನಪಿನ ಬೆನ್ನಿಗೆ ಇಸವಿಗಳನ್ನೂ ಕಾರಣಗಳನ್ನೂ ನಿಲ್ಲಿಸಿ ನೋಡಬೇಕು.

1802ರಲ್ಲಿ ಮೈಸೂರು ರಾಜ್ಯದ ಪೂರ್ವದ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಎಂಬಾತ ಇಲ್ಲಿನ ಮಣ್ಣಿನಲ್ಲಿ ಚಿನ್ನವಿದೆಯೆಂಬ ಸುದ್ದಿ ಕೇಳಿ, ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಸಾರಿದನು. ಊರಿಗಾಮಿನ ಜನ ಗಾಡಿಗಳಲ್ಲಿ ಮಣ್ಣು ತಂದು ಅವನ ಕಣ್ಣೆದುರೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಎಂದರೆ ಚಿನ್ನವನ್ನು ‘ಕಂಡುಹಿಡಿದವನು’ ವಾರನ್ ಅಲ್ಲ. ಕಂಡುದನ್ನು ಬರೆದವನು ಅವನು. ಆ ಬರಹವನ್ನು ಓದಿದ ಲ್ಯಾವೆಲ್ ಎಂಬ ಐರಿಷ್ ಸೈನಿಕನು 1875ರಲ್ಲಿ ಅಗೆಯುವ ಹಕ್ಕನ್ನು ಪಡೆದನು. ಬಂಡವಾಳ ಸಾಲದೆ ಆ ಹಕ್ಕು ಕೈಯಿಂದ ಕೈಗೆ ಹೋಗಿ, 1880ರ ಸುಮಾರಿಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರ ಪ್ರವೇಶವಾಯಿತು. ಕೆಲವೇ ವರ್ಷಗಳಲ್ಲಿ ಚಾಂಪಿಯನ್ ರೀಫ್ ಎಂಬ ಸಮೃದ್ಧ ಪದರವು ಸಿಕ್ಕಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ನಾಲ್ಕು ಗಣಿಗಳು ಪ್ರಸಿದ್ಧವಾದುವು. ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಕೆಲಸಗಾರರು ಏಕಕಾಲದಲ್ಲಿ ದುಡಿದ ದಿನಗಳಿದ್ದುವು.

ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ 1902ರಲ್ಲಿ ಸುಮಾರು 147 ಕಿಲೋಮೀಟರು ದೂರದ ಈ ಗಣಿಗಳಿಗೆ ತಂತಿಯ ಮೂಲಕ ಕಳುಹಿಸಲಾಯಿತು. ಬೆಂಗಳೂರು ನಗರಕ್ಕೆ ವಿದ್ಯುದ್ದೀಪ ಬಂದಿದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಕೊಯಮತ್ತೂರಿನ ಓದುಗರು ಇದನ್ನು 1930ರ ದಶಕದಲ್ಲಿ ಪೈಕಾರದ ವಿದ್ಯುತ್ತು ಬಂದು ಇಲ್ಲಿನ ಗಿರಣಿಗಳು ಹೆಚ್ಚಿದುದರೊಡನೆ ಹೋಲಿಸಿ ನೋಡಬಹುದು. ಎರಡೂ ಕಡೆ ನದಿಯ ನೀರು ಸಂಗಿನ ಕೂಗಾಗಿ ಮಾರ್ಪಟ್ಟಿತು.

ಆಳವಾದಷ್ಟೂ ಗಣಿ ಬಿಸಿಯಾಗುತ್ತದೆ. ಚಾಂಪಿಯನ್ ರೀಫ್ ಗಣಿ ಕೊನೆಗೆ 3 ಕಿಲೋಮೀಟರಿಗೂ ಮಿಕ್ಕಿ ಆಳಕ್ಕೆ ಹೋಯಿತು. ಅಲ್ಲಿಯ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸಿಗೂ ಹೆಚ್ಚು. ತಂಪು ಗಾಳಿಯನ್ನು ಒತ್ತಿ ಕಳುಹಿಸದೆ ಅಲ್ಲಿ ಮನುಷ್ಯ ನಿಲ್ಲಲಾರ. ಇಂಥ ಆಳವೇ ವಿಜ್ಞಾನಿಗಳಿಗೆ ಅನುಕೂಲವಾಯಿತು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ವಿದೇಶದ ಸಹೋದ್ಯೋಗಿಗಳೊಡನೆ ಈ ಗಣಿಯೊಳಗೆ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಕುರುಹನ್ನು ಪಡೆದರು. “ಕೆಳಗೆ ಕಣ್ಣಿಗೆ ಕಾಣದ್ದನ್ನು ಹಿಡಿಯುವವರಿದ್ದಾರೆ” ಎಂದು ಅಪ್ಪ ಹೇಳುತ್ತಿದ್ದರು. ನಾವು ಭೂತವೆಂದು ತಿಳಿದು ಹೆದರುತ್ತಿದ್ದೆವು.

ಇನ್ನು ಸಿಹಿ ನೆನಪು ಮುಚ್ಚಿಡುವ ಮಾತುಗಳು. ಬಂಡೆ ಕೊರೆಯುವಾಗ ಏಳುವ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ಎಂಬ ರೋಗ ಬರುತ್ತದೆ. 1940-46ರ ಅವಧಿಯಲ್ಲಿ ಇಲ್ಲಿನ 7,653 ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಆ ರೋಗ ಕಂಡುಬಂದಿತು. ನಮ್ಮ ಲೈನಿನ ಮುದುಕರೆಲ್ಲ ಕೆಮ್ಮುತ್ತಿದ್ದರು. ಮುಪ್ಪಿಗೆ ಕೆಮ್ಮು ಸಹಜವೆಂದೇ ನಾವು ತಿಳಿದಿದ್ದೆವು. ಆ ಅಂಕಿಯನ್ನು ಓದಿದ ದಿನ ನನ್ನ ಬಾಲ್ಯದ ಒಂದು ಶಬ್ದದ ಅರ್ಥ ಬದಲಾಯಿತು.

ಕೆಲಸಗಾರರು ಎಲ್ಲವನ್ನೂ ಸಹಿಸಿಕೊಂಡಿದ್ದರೆಂದೂ ತಿಳಿಯಬಾರದು. ಹೆಬ್ಬೆಟ್ಟಿನ ಗುರುತು ಕೊಟ್ಟು ಹೆಸರು ನೊಂದಾಯಿಸಬೇಕೆಂಬ ನಿಯಮವನ್ನು ಪ್ರತಿಭಟಿಸಿ ಅವರು 1930ರಲ್ಲಿ ಮುಷ್ಕರ ಹೂಡಿದರು. ಅದು ಕಳ್ಳರಿಗೆ ಮಾಡುವ ಅವಮಾನವೆಂದು ಅವರಿಗೆ ತೋರಿತು. 1946ರ ನವೆಂಬರ್ 4ರ ಗೋಳೀಬಾರಿನಲ್ಲಿ ಆರು ಮಂದಿ ಕೆಲಸಗಾರರು ಪ್ರಾಣಬಿಟ್ಟರು. ಉತ್ತರ ಆರ್ಕಾಡಿನಿಂದ ಬಂದವರಲ್ಲಿ ಬಹುಮಂದಿ ಆದಿದ್ರಾವಿಡರು. ಹಳ್ಳಿಯ ಕಟ್ಟಳೆಯಿಂದ ಪಾರಾಗಿ ಸಂಬಳ ಕಂಡ ಅವರು ಓದಿಗೂ ಸಂಘಟನೆಗೂ ಮನಸ್ಸು ಕೊಟ್ಟರು. ಅಯೋತಿ ದಾಸ ಪಂಡಿತರ ಬೌದ್ಧ ಸಂಘಕ್ಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಮಾರಿಕುಪ್ಪಂನಲ್ಲಿ ಶಾಖೆಯಿದ್ದಿತು. ನಮ್ಮ ಪಠ್ಯಪುಸ್ತಕಗಳು ಕೋಲಾರವನ್ನು ‘ಚಿನ್ನ ದೊರೆಯುವ ಸ್ಥಳ’ ಎಂಬ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದ ಕಾಲದಲ್ಲಿ ಈ ಯಾವ ಸಂಗತಿಯೂ ನನಗೆ ತಿಳಿಯಲಿಲ್ಲ.

1956ರಲ್ಲಿ ಗಣಿಗಳು ಮೈಸೂರು ಸರಕಾರಕ್ಕೂ 1962ರಲ್ಲಿ ಕೇಂದ್ರ ಸರಕಾರಕ್ಕೂ ಸೇರಿದುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಏರ್ಪಟ್ಟಿತು. ಅಷ್ಟರಲ್ಲಿ ಸಮೃದ್ಧ ಅದಿರು ತೀರುತ್ತ ಬಂದಿದ್ದಿತು. ಮೊದಮೊದಲು ಒಂದು ಟನ್ನು ಅದಿರಿಗೆ ಹತ್ತಾರು ಗ್ರಾಂ ಚಿನ್ನ ದೊರೆಯುತ್ತಿದ್ದ ಕಡೆ ಕಡೆಕಡೆಗೆ ಮೂರು ನಾಲ್ಕು ಗ್ರಾಂ ದೊರೆತರೆ ಹೆಚ್ಚು. ಅಷ್ಟು ಆಳದಿಂದ ಅದಿರನ್ನೂ ನೀರನ್ನೂ ಮೇಲೆತ್ತುವ ಖರ್ಚು ಚಿನ್ನದ ಬೆಲೆಯನ್ನು ಮೀರಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ನೂರಿಪ್ಪತ್ತು ವರ್ಷಗಳಲ್ಲಿ ಅಲ್ಲಿಂದ ತೆಗೆದ ಚಿನ್ನ ಸುಮಾರು 800 ಟನ್ನು. ನೀರೆತ್ತುವ ಯಂತ್ರಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಮೊದಲಿನ ಪಾಳಿಗೆ ಏಳುತ್ತಿದ್ದ ಮನೆಗಳ ಮಕ್ಕಳು ಅದೇ ನಸುಕಿನಲ್ಲಿ ಎದ್ದು ಬೆಂಗಳೂರಿನ ಕೆಲಸಕ್ಕೆ ರೈಲು ಹಿಡಿಯುವವರಾದರು.

ನಮ್ಮ ತಂದೆಯವರು ಗಣಿ ಮುಚ್ಚುವ ಮೊದಲೇ ನಿವೃತ್ತರಾಗಿ, ಕಡೆಗಾಲದಲ್ಲಿ ನನ್ನೊಡನೆ ಇದ್ದರು. ಅವರ ಬಳಿ ಒಂದು ತಗಡಿನ ಪೆಟ್ಟಿಗೆಯಿದ್ದಿತು. ಅದರಲ್ಲಿ ಸಂಬಳದ ಚೀಟಿಗಳು, ಅಜ್ಜನ ಕಾಲದ ಕಾಗದಗಳು, ತಾವು ನಿಲ್ಲಿಸಿದ ದಿಮ್ಮಿಗಳ ಲೆಕ್ಕವನ್ನೂ ಜತೆಯಲ್ಲಿ ಕೆಲಸ ಮಾಡಿದವರ ಹೆಸರುಗಳನ್ನೂ ಅವರು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ ಕೆಲವು ಪುಸ್ತಕಗಳು. “ಇವನ್ನು ಒಮ್ಮೆ ಓದಪ್ಪ” ಎಂದು ಎರಡು ಮೂರು ಸಲ ಹೇಳಿದ್ದರು. ಪರೀಕ್ಷೆಯ ಉತ್ತರಪತ್ರಿಕೆಗಳ ನಡುವೆ ನನಗೆ ಬಿಡುವಾಗಲಿಲ್ಲ. ಅವರು ತೀರಿಹೋದ ಮೇಲೆ ಬಾಡಿಗೆ ಮನೆ ಬದಲಿಸುವಾಗ, ಹುಳು ಹಿಡಿದಿದೆಯೆಂದು ಆ ಕಾಗದಗಳನ್ನೆಲ್ಲ ನಾನೇ ಹಳೆಯ ಪೇಪರಿನವನಿಗೆ ತೂಕಕ್ಕೆ ಹಾಕಿದೆ. ಚರಿತ್ರೆಯ ಪಾಠ ಹೇಳಲು ತರಬೇತಿ ಪಡೆದ ನಾನು ಮಾಡಿದ ಕೆಲಸವಿದು. 2,196 ಹರಳುಗಳ ಲೆಕ್ಕ ಬರೆದು ಅಗೆದವರ ಹೆಸರು ಬಿಟ್ಟವರನ್ನು ನಾನು ಯಾವ ಬಾಯಿಂದ ಆಕ್ಷೇಪಿಸಲಿ? ಅವರು ಬರೆಯಲಿಲ್ಲ, ನಾನು ಬರೆದಿಟ್ಟುದನ್ನೇ ಕಳೆದೆ.

ಈ ತಪ್ಪನ್ನು ಇಲ್ಲಿ ಹೇಳಿಕೊಳ್ಳುವುದಕ್ಕೆ ಕಾರಣವಿದೆ. ಕೋಲಾರದ ಗಣಿಗಳಲ್ಲಿ ದುಡಿದವರಲ್ಲಿ ಉಳಿದಿರುವವರು ಈಗ ಮುದುಕರು. 2018ರ ಚಲಚ್ಚಿತ್ರವೊಂದರಿಂದ ಆ ಊರಿನ ಹೆಸರು ಮನೆಮಾತಾಯಿತು. ಚಿತ್ರ ಕಲ್ಪಿತ ಕಥೆ. ಆದರೆ ನಮ್ಮ ಶಾಲೆಯ ಮಕ್ಕಳು ಅದನ್ನೇ ಚರಿತ್ರೆಯೆಂದು ನಂಬಿದ್ದಾರೆ. ಅದು ಚಿತ್ರದವರ ತಪ್ಪಲ್ಲ. ಅದರ ಪಕ್ಕದಲ್ಲಿ ಇಡಲು ನಾವು ಮಕ್ಕಳಿಗೆ ಬೇರೆ ಏನನ್ನೂ ಕೊಟ್ಟಿಲ್ಲ.

ಗಡಿನಾಡಿನ ಉಪಾಧ್ಯಾಯ ಬಂಧುಗಳಲ್ಲಿ ನನ್ನ ಅರಿಕೆ ಇಷ್ಟೇ. ಹೊಸೂರು, ಕೃಷ್ಣಗಿರಿ, ವೆಲ್ಲೂರು, ಚಿತ್ತೂರು ಕಡೆಗಳಲ್ಲಿ ಗಣಿಯಿಂದ ಮರಳಿದ ಕುಟುಂಬಗಳು ಇದ್ದೇ ಇರುತ್ತವೆ. ಮಕ್ಕಳಿಂದ ಅಂಥ ಅಜ್ಜ ಅಜ್ಜಿಯರ ಮಾತನ್ನು ಬರೆಯಿಸಬೇಕು: ಯಾವ ಊರಿನಿಂದ ಬಂದಿರಿ, ಏಕೆ ಬಂದಿರಿ, ಯಾವ ಕೆಲಸ, ಮೊದಲ ಸಂಬಳವೆಷ್ಟು, ಹತಾರದ ಹೆಸರೇನು, ಜತೆಗಾರರು ಯಾರು. ಹೇಳಿದವರ ಮಾತನ್ನು ತಿದ್ದದೆ, ಅವರ ಭಾಷೆಯಲ್ಲಿಯೇ ಬರೆದು, ದಿನಾಂಕ ಹಾಕಿ, ಒಂದು ಪ್ರತಿಯನ್ನು ಶಾಲೆಯ ಪುಸ್ತಕ ಭಂಡಾರದಲ್ಲಿಡಬೇಕು. ಕೊಯಮತ್ತೂರು, ತಿರುಪ್ಪೂರು ಕಡೆಯವರು ಮುಚ್ಚಿದ ಗಿರಣಿಗಳ ವಿಷಯದಲ್ಲಿಯೂ ದೇವಾಂಗರ ಕೈಮಗ್ಗಗಳ ವಿಷಯದಲ್ಲಿಯೂ ಇದನ್ನೇ ಮಾಡಬಹುದು. ಇದಕ್ಕೆ ಹಣ ಬೇಡ; ಒಂದು ನೋಟುಪುಸ್ತಕವೂ ಕೇಳುವ ತಾಳ್ಮೆಯೂ ಸಾಕು. ನಮ್ಮ ಶಾಲೆಯಲ್ಲಿ ಈ ಕೆಲಸ ಆರಂಭವಾಗಿ, ಇದುವರೆಗೆ ಮೂರು ನೋಟುಪುಸ್ತಕಗಳು ತುಂಬಿವೆ. ಅಕ್ಷರ ಸೊಟ್ಟ, ಕಾಗುಣಿತ ತಪ್ಪು, ಆದರೆ ಹೆಸರುಗಳಿವೆ.

ಪಡಿಯೂರಿಗೆ ದೂರವಲ್ಲದ ನೊಯ್ಯಲ್ ನದಿಯ ಉತ್ತರ ದಡದಲ್ಲಿ, ಈರೋಡು ಜಿಲ್ಲೆಯ ಕೊಡುಮಣಲ್ ಎಂಬಲ್ಲಿ ತಂಜಾವೂರಿನ ತಮಿಳು ವಿಶ್ವವಿದ್ಯಾಲಯದವರು 1985ರಿಂದ ಉತ್ಖನನ ನಡೆಸಿದರು. ಹರಳುಗಳನ್ನು ಕಡೆದು ಮಣಿ ಮಾಡುತ್ತಿದ್ದ ಪ್ರಾಚೀನ ನೆಲೆ ಅದು. ಅಲ್ಲಿ ತಮಿಳು ಬ್ರಾಹ್ಮಿ ಅಕ್ಷರದಲ್ಲಿ ಹೆಸರು ಗೀಚಿದ ನೂರಾರು ಮಡಕೆಯ ಚೂರುಗಳು ಸಿಕ್ಕಿವೆ. ತಮ್ಮ ಪಾತ್ರೆಯ ಮೇಲೆ ತಮ್ಮ ಹೆಸರು ಗೀಚಿಕೊಂಡವರು ಎರಡು ಸಾವಿರ ವರ್ಷ ಉಳಿದರು.

ಪೆಟ್ಟಿಗೆಯ ಕಾಗದಗಳು ಹೋದುವು. ಅಪ್ಪ ಗಣಿಗೆ ಒಯ್ಯುತ್ತಿದ್ದ ಊಟದ ಕ್ಯಾರಿಯರು ಮಾತ್ರ ನಮ್ಮ ಮನೆಯಲ್ಲಿ ಇದೆ. ಅದರ ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಅವರ ಹೆಸರನ್ನೂ ಹಾಜರಿ ನಂಬರನ್ನೂ ಕೆತ್ತಿಸಿದ್ದಾರೆ. ಕಳೆದ ವರ್ಷ ಅದನ್ನು ತರಗತಿಗೆ ಒಯ್ದು ಮಕ್ಕಳ ಕೈಗೆ ಕೊಟ್ಟೆ. ಒಬ್ಬೊಬ್ಬರೂ ಹೆಸರನ್ನು ಗಟ್ಟಿಯಾಗಿ ಓದಿ ಪಕ್ಕದವರಿಗೆ ದಾಟಿಸಿದರು. ಪಡಿಯೂರಿನಲ್ಲಿ ಅಗೆದವರು ಯಾರೆಂಬ ಪ್ರಶ್ನೆಗೆ ಉತ್ತರ ಕೊಡುವ ಕಾಲ ಮೀರಿದೆ. ಕೋಲಾರದ ಮಟ್ಟಿಗೆ ಇನ್ನೂ ಮೀರಿಲ್ಲ.